ಪುಟ್ಟಲಕ್ಷ್ಮಿ ಹೋದ ದಿಕ್ಕು

ಭೌತಶಾಸ್ತ್ರದ ಮೇಷ್ಟ್ರ ಬಾಯಿಗೆ ಬೀಗ ಇರಬೇಕು. ನನಗಿರಲಿಲ್ಲ. ಎಂಬತ್ತಾರರ ಬೇಸಿಗೆಯಲ್ಲಿ ಸಾತನೂರಿಗೆ ಹೋದಾಗ, ಅಕ್ಕ ಅಂಬುಜಮ್ಮನ ಆರು ವರ್ಷದ ಮಗಳು ಪುಟ್ಟಲಕ್ಷ್ಮಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟ್ರಿಂಗ್ ಥಿಯರಿ ಹೇಳಿದ್ದೆ. ಉದ್ದ, ಅಗಲ, ಎತ್ತರದ ಜೊತೆಗೆ ಇನ್ನೂ ಆರು ದಿಕ್ಕು ಇವೆಯಂತೆ ಕಣವ್ವ. ರೇಷ್ಮೆ ಎಳೆ ದೂರಕ್ಕೆ ಬರೀ ಗೆರೆ, ಆದರೆ ಅದರ ಮೇಲೆ ಹರಿಯುವ ಕ್ರಿಮಿಗೆ ಸುತ್ತು ಹಾಕಲೂ ಜಾಗ ಇದೆ. ಹಾಗೇ ಆ ದಿಕ್ಕುಗಳೂ ಸುರುಳಿ ಸುತ್ತಿಕೊಂಡು ಎಲ್ಲ ಕಡೆ ಅಡಗಿವೆ, ಈ ಕೋಣೆಯಲ್ಲೂ. ಮಗು ಕಣ್ಣರಳಿಸಿತು. ಸೊಪ್ಪು ಹೆಚ್ಚುತ್ತಿದ್ದ ಅಕ್ಕನೂ ಕೇಳಿಸಿಕೊಂಡಳೆಂದು ನನಗೆ ಹೊಳೆಯಲೇ ಇಲ್ಲ.

ಎರಡೇ ತಿಂಗಳಿಗೆ ಮಗು ಹೋಯಿತು. ಆ ವರ್ಷ ರೇಷ್ಮೆಗೂಡಿಗೆ ಬಂಗಾರದ ಬೆಲೆ, ಊರಿಗೆ ಊರೇ ಹುಳು ಸಾಕುತ್ತಿತ್ತು. ಹುಳು ನಾಲ್ಕನೇ ಸಲ ಪೊರೆ ಬಿಟ್ಟ ಮೇಲಿನ ವಾರ ಮನೆಯವರಿಗೆ ಉಸಿರಾಡಲೂ ಬಿಡುವಿಲ್ಲ, ಹೊತ್ತುಹೊತ್ತಿಗೆ ಸೊಪ್ಪು ಹಾಕಲೇಬೇಕು. ಅದೇ ವಾರ ಮಗುವಿಗೆ ಜ್ವರ. ಹುಳು ಹಣ್ಣಾಗಲಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟ ಕೂಡಲೇ ಕನಕಪುರದ ಆಸ್ಪತ್ರೆಗೆ ಹೋಗೋಣ ಎಂದುಕೊಂಡಿದ್ದರು. ಅಷ್ಟರೊಳಗೆ ಎಲ್ಲ ಮುಗಿದಿತ್ತು.

ತಿಥಿಯ ಮಧ್ಯಾಹ್ನ ಅಕ್ಕ ನನ್ನನ್ನು ಹುಳು ಸಾಕುವ ಕೋಣೆಗೆ ಕರೆದಳು. ಒಳಗೆ ಒಂದೂ ಹುಳು ಇರಲಿಲ್ಲ. ಆದರೂ ಕಿಟಕಿಗೆ ಗೋಣಿ ಕಟ್ಟಿ, ಎಳೆ ಹುಳುವಿಗೆ ಕಾವು ಕೊಡುವ ಹಾಗೆ ಬಾಣಲೆಯಲ್ಲಿ ಕೆಂಡ ಇಟ್ಟಿದ್ದಳು.

“ಆರು ದಿಕ್ಕು ಐತೆ ಅಂದಿದ್ಯಲ್ಲ. ಕೂಸು ಅದ್ರೊಳೀಕೆ ಓಗೈತಾ?”

“ಅಕ್ಕಾ, ಅದು ಭಾಳ ಸಣ್ಣದು. ಒಂದು ಅಣುನೂ ಹಿಡಿಸಾಕಿಲ್ಲ.”

“ಹುಳಿನ ಮೊಟ್ಟೆ ಏನ್ ದೊಡ್ಡದಾ? ಸಾಸ್ವೆಗಿಂತ ಸಣ್ದು. ಇಪ್ಪತ್ತೈದ್ ದಿನಕ್ಕೆ ಮನೆಯೇ ಸಾಲಾಕಿಲ್ಲ. ಒಸಿ ಕಾವು ಕೊಟ್ರೆ ಆ ದಿಕ್ಕೂ ಬೆಳೆಯಾಕಿಲ್ವಾ?”

ನನಗೆ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಿಲ್ಲ. ಕ್ಲಾಸಿನಲ್ಲಿ ತಪ್ಪು ಉತ್ತರ ಕೇಳಿದಾಗಿನ ದನಿಯಲ್ಲೇ ಅಂದುಬಿಟ್ಟೆ: “ಬೆಳೆಯಾಕಿಲ್ಲ ಕಣಕ್ಕ. ಪ್ರಪಂಚ ಹುಟ್ಟಿದಾಗಿಂದ ಬೆಳೆದಿಲ್ಲ. ಅಲ್ಲಿ ಯಾರೂ ಇಲ್ಲ.”

ಅಕ್ಕ ಚೊಂಬು ತಂದು ಕೆಂಡಕ್ಕೆ ನೀರು ಹುಯ್ದಳು.

“ವಾಪಸ್ ಕರ್ಕೊಂಬರಾಕೆ ಕೇಳ್ನಿಲ್ಲ ಕಣಪ್ಪ,” ಅಂದಳು. “ಅವತ್ತು ಕೂಸು ಅವ್ವಾ ಅಂತ ಕೂಗ್ತು. ಕೇಳಿಸ್ನಿಲ್ಲ ಅಂತ ಎಲ್ರಿಗೂ ಯೋಳಿವ್ನಿ. ಕೇಳಿಸ್ತು. ಇನ್ನೆರಡು ತಟ್ಟೆಗೆ ಸೊಪ್ಪಾಕಿ ಬತ್ತೀನಿ ಅಂತ ಸುಮ್ಕಿದ್ದೆ. ಕೂಸು ಎಲ್ಲಾದ್ರೂ ಇದ್ದಿದ್ರೆ, ಕೇಳಿಸ್ತು ಅಂತ ಅದೊಂದು ಮಾತು ಅದ್ಕೆ ಯೋಳ್ಬೇಕಿತ್ತು.”

ಮಗು ಅಲ್ಲಿದೆ ಎಂದು ಆಗಲೇ ಒಂದು ಸುಳ್ಳು ಹೇಳಬಹುದಿತ್ತು. ಈಗ ಹೇಳಿದರೆ ಅಕ್ಕ ನಂಬುವುದಿಲ್ಲ.