ಹಂಡೆಯ ನೀರು

ಗೋಣಿಚೀಲದಿಂದ ಕತ್ತು ಹೊರಚಾಚಿದ್ದ ಕರುವನ್ನು ಎದೆಗವಚಿಕೊಂಡು ಶರಾವತಿ ಗೂಡ್ಸ್ ಆಟೋದಿಂದ ಇಳಿದಳು. ಅಂಗಳದ ತುಂಬ ಜನ ಕೂತಿದ್ದನ್ನು ಕಂಡು ಗೇಟಿನಲ್ಲೇ ನಿಂತಳು.

"ಕೆರಿಯಮ್ಮಕ್ಕ ಇಲ್ವಾ?"

ಒಲೆಗೆ ಸೌದೆ ನೂಕುತ್ತಿದ್ದ ನಾಗರಾಜಪ್ಪ ಜಗಲಿಯ ಕಡೆ ಕೈ ತೋರಿಸಿದ. ಅಲ್ಲಿ ಅವನ ಹೆಂಡತಿ ಚಾಪೆಯ ಮೇಲಿದ್ದಳು, ತಲೆಯ ಬಳಿ ದೀಪ. ಅವಳ ಕೊನೆಯ ಸ್ನಾನಕ್ಕೆ ಅಂಗಳದ ಮೂರುಕಲ್ಲಿನ ಒಲೆಯ ಮೇಲೆ ಹಂಡೆಯಲ್ಲಿ ನೀರು ಕಾಯುತ್ತಿತ್ತು.

ಶರಾವತಿ ಅಲ್ಲೇ ಕುಕ್ಕರಿಸಿದಳು. "ಬೆಳಿಗ್ಗಿಂದ ಫೋನ್ ಮಾಡಿದೆ ನಾಗರಾಜಣ್ಣ, ಯಾರೂ ಎತ್ಲಿಲ್ಲ. ಚೊಚ್ಚಲು ದನ, ಕರುನ ಹತ್ರ ಸೇರಿಸ್ತಿಲ್ಲ, ಒದೀತದೆ. ಒಂದು ತೊಟ್ಟೂ ಒಳಗೆ ಹೋಗಿಲ್ಲ. ಅಕ್ಕನ ಕೈಗೆ ಕೊಟ್ರೆ ಬದುಕ್ತದೆ ಅಂತ ಹೊಸನಗರದ ಕಡೆಯಿಂದ ಬಂದೆ."

"ಅವಳ ಜೊತೇಲೇ ಕಳ್ಸಣ ಅಂತ ತಂದ್ಯೇನೆ?" ಎಂದಳು ನಾಗರಾಜಪ್ಪನ ಅತ್ತಿಗೆ ರಂಗಮ್ಮ.

ನಾಗರಾಜಪ್ಪ ಶರಾವತಿಯ ಕೈಯಲ್ಲಿ ತೂಗುತ್ತಿದ್ದ ಹಾಲಿನ ಕ್ಯಾನು ನೋಡಿದ. "ಗಿಣ್ಣಾ?"

"ದನದ ಕಾಲು ಕಟ್ಟಿ ಒಂಚೂರು ಕರೆದೆ. ತಣ್ಣಗಾಗಿಹೋಗಿದೆ."

"ಹೆಣ ಏಳೋವರೆಗೆ ಈ ಬೀದೀಲಿ ಯಾರ ಮನೆ ಒಲೇನೂ ಹೊತ್ಸಲ್ಲ. ಆಮೇಲೆ ನೋಡಣ," ಎಂದಳು ರಂಗಮ್ಮ.

"ಆಮೇಲೆ ಅಂದ್ರೆ ಇದು ಇರಲ್ಲಮ್ಮ."

*

ಗಿಣ್ಣುಹಾಲನ್ನು ಕೆರಿಯಮ್ಮ ಬೆಂಕಿಯ ಮೇಲೆ ಇಟ್ಟವಳಲ್ಲ, ಇಟ್ಟರೆ ಗಟ್ಟಿಯಾಗುತ್ತದೆ. ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಕ್ಯಾನನ್ನು ಕತ್ತಿನ ತನಕ ಇಳಿಬಿಟ್ಟು ಹಿಡಿಯುತ್ತಿದ್ದಳು. ತಾಯಿ ಸತ್ತ ಕರು, ತಾಯಿ ಒದ್ದ ಕರು, ಸುತ್ತಲ ಊರಿನವೆಲ್ಲ ಅವಳ ಕೊಟ್ಟಿಗೆಗೇ ಬರುತ್ತಿದ್ದವು. ಮೇಯಲು ಕಲಿತ ಮೇಲೆ ಯಾರದೋ ಹಗ್ಗದ ಹಿಂದೆ ಹೊರಟುಹೋಗುತ್ತಿದ್ದವು. ಅಂಥ ಸಂಜೆಗಳಲ್ಲಿ ಅವಳು ಖಾಲಿ ಕೊಟ್ಟಿಗೆಯಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ನಾಗರಾಜಪ್ಪ ಒಳಗೆ ದೇವರ ಮುಂದೆ ಕೂತಿರುತ್ತಿದ್ದ.

"ಪೂಜೆಗೆ ಮೀಯೋ ನೀರು ಅದು. ಜೊಲ್ಲಿನ ಕ್ಯಾನು ಅದ್ದಬೇಡ," ಎಂದಿದ್ದ ಒಮ್ಮೆ.

"ನಿಮ್ಮ ಕೃಷ್ಣ ಏನು ಮಡಿ ಉಟ್ಕಂಡು ದನ ಕಾಯ್ತಿದ್ನಾ?" ಎಂದು ನಕ್ಕಿದ್ದಳು. ಆದರೂ ಅಂದಿನಿಂದ, ಕರು ಎಷ್ಟು ಕೂಗಿದರೂ, ಇವನ ಸ್ನಾನ ಮುಗಿಯುವ ತನಕ ಕಾಯುತ್ತಿದ್ದಳು.

*

ನಾಗರಾಜಪ್ಪ ಕ್ಯಾನನ್ನು ಇಸಿದುಕೊಂಡು ಹಂಡೆಗೆ ಇಳಿಬಿಟ್ಟ.

"ಏ ನಾಗರಾಜಾ, ಹೆಣ ತೊಳೆಯೋ ನೀರು ಅದು."

"ಅವ್ಳು ಬೇಡ ಅನ್ನಲ್ಲ ಅತ್ತಿಗೆ."

ಹಾಲು ಬೆಚ್ಚಗಾಯಿತು. ಅವನು ಕರುವಿನ ಮುಂದೆ ಕೂತು, ಜೀವಮಾನದಲ್ಲಿ ಮೊದಲ ಸಲ, ಎರಡು ಬೆರಳು ಅದ್ದಿ ಅದರ ಬಾಯಿಗಿಟ್ಟ. ಹಾಲು ಬಾಯಂಚಿನಿಂದ ಹರಿದು ಗದ್ದಕ್ಕೆ ಇಳಿಯಿತು. ಮತ್ತೆ ಇಟ್ಟ, ಮತ್ತೆ ಹರಿಯಿತು.

"ಬೆರಳು ತೆಗೀಬೇಡ ಅಣ್ಣ," ಎಂದಳು ಶರಾವತಿ. "ಹಂಗೇ ಇಟ್ಕಂಡು ಕಾಯ್ಬೇಕು ಅಂತಿದ್ರು ಅಕ್ಕ."

ಅವನು ಕಾದ. ತುಸು ಹೊತ್ತಿಗೆ ಒರಟು ನಾಲಿಗೆಯೊಂದು ಬೆರಳನ್ನು ಸುತ್ತಿಕೊಂಡು ಎಳೆಯಿತು. ಶರಾವತಿ ಕ್ಯಾನು ಬಾಗಿಸಿ ಬೆರಳಗುಂಟ ಹಾಲು ಹನಿಸುತ್ತ ಹೋದಳು.

ಕ್ಯಾನು ಖಾಲಿಯಾಗುವಷ್ಟರಲ್ಲಿ ಹೆಂಗಸರು ಅದೇ ನೀರಿನಲ್ಲಿ ಕೆರಿಯಮ್ಮನಿಗೆ ಸ್ನಾನ ಮಾಡಿಸಿದರು. ಅರಿಸಿನ ಹಚ್ಚಿ, ಕುಂಕುಮ ಇಟ್ಟರು. ಕೊನೆಯ ಹಾಲು ಬಿಡಲು ಬಟ್ಟಲು ಬಂತು.

"ಗಂಡ ಮೊದ್ಲು," ಎಂದು ರಂಗಮ್ಮ ನೀರಿನ ಚೊಂಬು ಚಾಚಿದಳು. "ಕೈ ತೊಳ್ಕೋ."

ನಾಗರಾಜಪ್ಪ ಚೊಂಬನ್ನು ತೆಗೆದುಕೊಂಡು ಪಕ್ಕಕ್ಕಿಟ್ಟ. ಜೊಲ್ಲು ಇನ್ನೂ ಆರದ ಎರಡು ಬೆರಳನ್ನು ಬಟ್ಟಲಿಗೆ ಅದ್ದಿ ಹೆಂಡತಿಯ ತುಟಿಗಿಟ್ಟ. ಹಾಲು ಬಾಯಂಚಿನಿಂದ ಹರಿದು ಗದ್ದಕ್ಕೆ ಇಳಿಯಿತು.

ಹೊರಗೆ ಚಟ್ಟ ಸಿದ್ಧವಾಗಿದೆಯೆಂದು ಯಾರೋ ಕರೆದರು. ಅವನು ಬೆರಳು ತೆಗೆಯಲಿಲ್ಲ.