ವಾಲಿದ ತಲೆ

ವಿನಯವಂತೆ, ವಿನಯ! ಆ ಮಾತು ಆಡಿದವರ ಬಾಯಿ ಈಗಲೂ ಮುಚ್ಚಿಸುತ್ತೇನೆ.

ಶುರುಗ್ವಿ ಎಂಬ ಊರಿನಲ್ಲಿರುವ ನನ್ನ ತಮ್ಮ ತಪೇರಾನ ಮಗಳು ಶುವಾಯಿಗೆ ಹದಿನಾರು. ತಾಯಿಯಿಲ್ಲದ ಹುಡುಗಿ, ನಾನು ಅವಳ ಸೋದರತ್ತೆ. ಶಾಲೆಯಲ್ಲಿ ಅವಳಿಗೆ ಮಹಾರಾಣಿ ಎಂದು ಹೆಸರಿಟ್ಟಿದ್ದರು. ಕರೆದರೆ ತಿರುಗುವುದಿಲ್ಲ, ಗೆಳತಿಯರ ಗುಂಪಿನಲ್ಲಿ ಕೂರುವುದಿಲ್ಲ, ಹೆಗಲು ಮುಟ್ಟಿದರೆ ಸಿಡುಕಿ ಎದ್ದುಹೋಗುತ್ತಾಳೆ ಎಂದು ಅವಳ ಟೀಚರ್ ನನಗೆ ಫೋನ್ ಮಾಡಿ ದೂರಿದ್ದರು. ಚರ್ಚಿನ ಹೆಂಗಸರದು ಬೇರೆಯೇ ರಾಗ. ತಲೆ ವಾಲಿಸಿ, ಮಂಡಿಯೂರಿ ಬಡಿಸುವುದನ್ನು ನೋಡಬೇಕು, ಸೊಸೆಯಾದರೆ ಇಂಥವಳಾಗಬೇಕು ಎನ್ನುತ್ತಿದ್ದರು. ಗ್ವೇರು ಪಟ್ಟಣದ ನನ್ನ ಮನೆಯಲ್ಲಿಟ್ಟುಕೊಂಡು ಓದಿಸುತ್ತೇನೆ, ಕಳಿಸು ಎಂದರೆ ತಪೇರಾ ಒಪ್ಪುತ್ತಿರಲಿಲ್ಲ. ಆ ಭಾನುವಾರ ಮತ್ತೆ ಅದನ್ನೇ ಕೇಳಲು ಹೋಗಿದ್ದೆ.

ಊಟಕ್ಕೆ ಪಕ್ಕದ ಮನೆಯ ಮಾಡ್ಜಿವಾ ದಂಪತಿ ಬಂದಿದ್ದರು. ಅವರಿಗೆ ಮದುವೆ ವಯಸ್ಸಿನ ಮಗನಿದ್ದ. ಶುವಾಯಿ ಬೋಗುಣಿ, ಹೂಜಿ ಹಿಡಿದು ಮಂಡಿಯೂರಿ ಒಬ್ಬೊಬ್ಬರ ಕೈಗೂ ನೀರು ಹಾಕುತ್ತ ಬಂದಳು. ಅವಳ ಎಡಗಿವಿಯ ಹತ್ತಿರ ಬಾಗಿ, ನನ್ನ ಜೊತೆ ಬರುತ್ತೀಯಾ ಎಂದು ಪಿಸುಗುಟ್ಟಿದೆ. ಮತ್ತೆ ಕೇಳಿದೆ. ತಿರುಗಿಯೂ ನೋಡದೆ ನೀರು ಹಾಕುತ್ತಲೇ ಇದ್ದಳು. ಎಷ್ಟು ಕೊಬ್ಬು ಇವಳಿಗೆ ಎಂದು ನನಗೂ ಅನ್ನಿಸಿತು. ಆಗ ಅವಳ ತಲೆ ನೋಡಿದೆ. ಬಲಗಿವಿಯನ್ನೇ ಮುಂದೆ ಮಾಡಿಕೊಂಡಿದ್ದಳು. ಎಡಗಿವಿ ಸತ್ತಿತ್ತು. ಮಾತು ಕೇಳಿಸಿಕೊಳ್ಳಲು ತಲೆ ವಾಲಿಸುತ್ತಿತ್ತು ಆ ಮಗು.

ಮಾಡ್ಜಿವಾನ ಹೆಂಡತಿ ಅವಳ ವಿನಯವನ್ನು ಬಾಯ್ತುಂಬ ಹೊಗಳಿದಳು. ತಪೇರಾ ಒದ್ದೆ ಬಲಗೈ ಎತ್ತಿ ತೋರಿಸಿದ.

"ಎಲ್ಲಾ ಈ ಕೈ ಕಲಿಸಿದ್ದು."

ಸಾಡ್ಜಾ ಮುದ್ದೆ ಮುರಿದು ಉಂಡೆ ಮಾಡುತ್ತ ಗಂಡಹೆಂಡಿರಿಬ್ಬರೂ ನಕ್ಕರು. ಥೂ. ಏಟಿನ ಸದ್ದು ಗೋಡೆಯಾಚೆ ಇವರಿಗೆ ಕೇಳದೆ ಇರುತ್ತದೆಯೇ? ಕೇಳಿಯೂ ತಿನ್ನುತ್ತಿದ್ದರು, ಬೆರಳು ನೆಕ್ಕುತ್ತಿದ್ದರು.

ನಾನು ಎದ್ದೆ. ಕೈ ತೊಳೆದ ಮೇಲೆ ಊಟ ಮುಟ್ಟದೆ ಏಳುವುದೆಂದರೆ ನಮ್ಮಲ್ಲಿ ಆ ಮನೆಗೆ ಉಗಿದಂತೆ.

"ಕೂತ್ಕೊಳೇ ಅಕ್ಕ, ಜನ ಇದಾರೆ," ಎಂದ ತಪೇರಾ.

"ಅವ್ರೂ ಕೇಳ್ಲಿ. ಈ ಮಗು ಕಿವಿ ಒಡೆದುಹಾಕಿದೀಯ. ನೀನು ಇವಳಿಗೆ ಅಪ್ಪ ಆದ್ರೆ, ನಮ್ಮ ಪದ್ಧತಿ ಪ್ರಕಾರ ಸೋದರತ್ತೆ ನಾನೂ ಅಪ್ಪನೇ. ಕರ್ಕೊಂಡು ಹೋಗ್ತಿದೀನಿ. ತಡೆದು ನೋಡು. ನಾಳೆ ನಾನು ಬಂದು ಕೂರದೆ ಇವಳ ಮದುವೆ ಮಾತು ಹೇಗೆ ನಡೆಸ್ತೀಯೋ ನಡೆಸು."

ಮಾಡ್ಜಿವಾ ತಟ್ಟೆ ನೋಡತೊಡಗಿದ. ತಡೆಯಲು ಎದ್ದ ತಪೇರಾ ಮತ್ತೆ ಕೂತ. ಸೋದರತ್ತೆಯಿಲ್ಲದೆ ಹುಡುಗಿಯ ಮದುವೆ ಮಾತು ಆಡುವವರು ನಮ್ಮಲ್ಲಿ ಯಾರಿದ್ದಾರೆ?

ಗ್ವೇರುವಿಗೆ ಹೊರಟ ವ್ಯಾನಿನಲ್ಲಿ ಶುವಾಯಿ ಮೆಲ್ಲಗೆ, "ಅತ್ತೆ, ನಿಮ್ಮ ಎಡಗಡೆ ಕೂತ್ಕೊಳ್ಲಾ? ಈ ಕಿವಿ ನಿಮ್ ಕಡೆ ಇರುತ್ತೆ," ಎಂದಳು. ಆಮೇಲೆ ಶುರುವಾಯಿತು ನೋಡಿ ಮಾತು. ಶಾಲೆಯ ಹುಡುಗಿಯರು, ಅವರ ಜಗಳ, ಅವರ ಪ್ರೀತಿ, ಒಂದೂ ಬಿಡಲಿಲ್ಲ. ಯಾರ ಜೊತೆಯೂ ಬೆರೆಯದ ಮಹಾರಾಣಿ ಎಲ್ಲರನ್ನೂ ದೂರದಿಂದ ನೋಡಿಟ್ಟುಕೊಂಡಿದ್ದಳು.

ಧೂಳು ನುಗ್ಗುತ್ತಿತ್ತು. ಅವಳ ಪಕ್ಕದ ಕಿಟಕಿ ಮುಚ್ಚಲೆಂದು ಕೈ ಎತ್ತಿದೆ. ಅವಳ ಮೊಣಕೈ ಮುಖಕ್ಕೆ ಅಡ್ಡ ಬಂತು, ಕಣ್ಣು ಬಿಗಿದುಕೊಂಡವು.

"ತಪ್ಪಾಯ್ತು ಅತ್ತೆ," ಎಂದಳು.

ಉಳಿದ ದಾರಿಯಿಡೀ ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕುಳಿತೆ.