ಬಕುಳ ಯಾರ ಮಗಳು?

ಗಿಡವಾಗಿ ಬಗ್ಗದ್ದು ಮರವಾಗಿ ಬ್ಲಾಗೀತೇ? ಗಾದೆಯನ್ನು ಬಗ್ಗಿಸಿದವನು ನಾನೇ. ಮುಂದಿನ ಕಥೆಯನ್ನು ಮಾತ್ರ ಎಲ್ಲೂ ಬಗ್ಗಿಸಿಲ್ಲ, ಇದು ನಡೆದದ್ದು.

ಜೆಪ್ಪುವಿನ ಒಂದು ಮಹಡಿಯ ಮೇಲೆ ಎರಡು ಕೋಣೆ. ಒಂದರಲ್ಲಿ ಹಿತೇಶ್ ಎಂಬ ನಾನು. ರಿಕ್ಷಾಕ್ಕೆ ಮೈಕ್ ಕಟ್ಟಿ ಸಾರುವ ಜಾಹೀರಾತುಗಳಿಗೆ ಧ್ವನಿ ಕೊಡುವುದು ನನ್ನ ಕೆಲಸ. ಅತ್ತೆ, ಸೊಸೆ, ಅಜ್ಜ, ಮಗು ಎಲ್ಲ ನಾನೇ. ತುಂಬು ಸಂಸಾರ. ಮೈಕ್ ಆಫ್ ಮಾಡಿದರೆ ಯಾರೂ ಇಲ್ಲ.

ಇನ್ನೊಂದು ಕೋಣೆ ಕೃಷ್ಣಕಿಶೋರರದ್ದು. ಬೀದಿಮರಗಳನ್ನು ನೋಡಿಕೊಳ್ಳುವ ಒಂದು ಟ್ರಸ್ಟಿನ ವೆಬ್‌ಸೈಟಿಗೆ ಬರೆಯುವವರು. ಒಂದೊಂದು ಮರಕ್ಕೂ ಒಂದು ಪುಟ: ಹೆಸರು, ಫೋಟೊ, ಯಾವ ಗೇಟಿನ ಪಕ್ಕ, ಯಾವಾಗ ಹೂ. ಕೆಳಗೆ ‘ಈ ಮರದ ಬಗ್ಗೆ ಮಾತಾಡಬೇಕೇ? ಕರೆ ಮಾಡಿ’ ಎಂದು ಆಫೀಸಿನ ನಂಬರು; ಆ ಮೊಬೈಲು ಇರುವುದು ಇವರ ಕೈಯಲ್ಲೇ. ಯಾರೂ ಮಾಡುತ್ತಿರಲಿಲ್ಲ. ಒಮ್ಮೆ ಆ ಫೋನು ರಿಂಗಾದದ್ದು ಕೇಳಿ ಇಣುಕಿದೆ. ತಮ್ಮ ಸ್ವಂತ ಮೊಬೈಲಿನಿಂದ ಆಫೀಸಿನ ಮೊಬೈಲಿಗೆ ಅವರೇ ಕರೆ ಮಾಡಿ ನೋಡುತ್ತಿದ್ದರು.

"ರಿಂಗ್ ಸರಿ ಉಂಟು ಮಾರಾಯ್ರೆ," ಎಂದರು. "ಈ ತಿಂಗಳೂ ಯಾರೂ ಮಾಡದಿದ್ರೆ ನಂಬರು ತೆಗೀತಾರಂತೆ."

"ಮರ ಅಂದ ಮೇಲೆ ಜನ ಮರೆಯುವುದೇ ಅಲ್ವಾ?" ಎಂದೆ. ಅವರು ನಗಲಿಲ್ಲ.

ಮರುದಿನ ಇನ್ನೊಂದು ಸಿಮ್ ಹಾಕಿದೆ. ಸೈಟಿನಲ್ಲಿ ಕಣ್ಣಿಗೆ ಬಿದ್ದ ಪುಟವೊಂದನ್ನು ತೆರೆದು, ಹಲ್ಲಿಲ್ಲದ ಬಾಯಿ ಮಾಡಿಕೊಂಡೆ.

"ಹಲೋ, ಮರದ ಆಫೀಸಾ? ನಾನು ಅಪ್ಪಿ. ನಮ್ಮ ಗೇಟಿನ ಹತ್ರ ಬಕುಳ ನಿಂತಿದ್ದಾಳೆ ಅಂತ ಬರ್ದಿದ್ದೀರಂತೆ, ಮೊಮ್ಮಗಳು ಓದಿ ಹೇಳಿದ್ಲು. ಯಾರ ಮಗಳು ಅವಳು? ನಮ್ಮ ಗೇಟಲ್ಲಿ ಅವಳಿಗೆ ಎಂತ ಕೆಲಸ?"



"ಅಪ್ಪಿಯಕ್ಕ, ಅದು ಹುಡುಗಿ ಅಲ್ಲ, ಮರ. ನಾವು ರೆಂಜೆ ಅಂತೇವಲ್ಲ, ಅದೇ."

"ರೆಂಜೆಯಾ! ಹಾಗೆ ಬರೀಬಾರ್ದಾ ಮಗಾ? ನಾನು ನನ್ನ ಮಗನನ್ನು ಸಂಶಯ ಮಾಡಿಯಾಯ್ತು!"

ಪುಟದಲ್ಲಿ ಅಂದೇ ‘ರೆಂಜೆ’ ಸೇರಿತು. ಅಪ್ಪಿಯಕ್ಕನಿಗೆ ರುಚಿ ಹತ್ತಿತು. ದಿನಾ ಮಧ್ಯಾಹ್ನ ಫೋನ್ ಮಾಡಿ, ಹೂವೆಲ್ಲ ಅಂಗಳಕ್ಕೆ ಬಿದ್ದು ಗುಡಿಸಿ ಗುಡಿಸಿ ಸೊಂಟ ನೋವು ಎನ್ನುವಳು. ಊಟಕ್ಕೆ ಎಂತ ಎಂದು ಕೇಳುವಳು.

"ಒಬ್ಬನೇ ಉಣ್ಣುವಾಗ ಸಾರಿಗೆ ಉಪ್ಪಿಲ್ಲದ್ದೂ ಗೊತ್ತಾಗುದಿಲ್ಲ ಅಕ್ಕ," ಎಂದರು ಒಂದು ದಿನ. "ನಿಮ್ದಾಯ್ತಾ?"

ನನ್ನ ಬುತ್ತಿ ಎದುರಿಗೇ ತಣ್ಣಗಾಗಿ ಕೂತಿತ್ತು. ನಾನು ಧ್ವನಿ ಕೊಡುವ ಅಷ್ಟು ದೊಡ್ಡ ಸಂಸಾರದಲ್ಲಿ ನನ್ನ ಊಟವಾಯಿತೇ ಎಂದು ಕೇಳುವ ಪಾತ್ರ ಒಂದೂ ಇರಲಿಲ್ಲ. ಆಯ್ತು ಮಗಾ, ಎಂದೆ.

ಹೀಗಿರುವಾಗ ಅವರು, "ನಾಳೆ ನಿಮ್ಮಲ್ಲಿಗೆ ಬರ್ತೇನೆ ಅಕ್ಕ. ಮರದಡಿ ನಿಮ್ಮದೊಂದು ಫೋಟೊ ತೆಗೆದು ಪುಟಕ್ಕೆ ಹಾಕುವ," ಎಂದರು.

ಅಪ್ಪಿಯಕ್ಕ ತಕ್ಷಣ ಗಂಟು ಕಟ್ಟಿದಳು. "ನಾಳೆ ನಾನು ಪಣಂಬೂರಿಗೆ ಹೋಗ್ತೇನೆ ಮಗಾ, ಮಗಳ ಮನೆಗೆ. ಇನ್ನು ಅಲ್ಲೇ."

"ಹಾಗಾದ್ರೆ... ಇನ್ನು ಫೋನಿಲ್ಲ?"

ಎಷ್ಟೋ ಜನರ ದನಿ ಕದ್ದಿದ್ದೇನೆ. ಆ ದನಿ ಮಾತ್ರ ಇವತ್ತಿಗೂ ನನಗೆ ಬರುವುದಿಲ್ಲ. ಫೋನಿಟ್ಟು ಎದ್ದೆ. ಪಕ್ಕದ ಬಾಗಿಲಲ್ಲಿ ನಿಂತು, ಅದೇ ಬೊಚ್ಚುಬಾಯಿಯಲ್ಲಿ, "ಮಗಾ, ಅಪ್ಪಿ ನಾನೇ," ಎಂದೆ. ಬೈಗುಳಕ್ಕೆ ಕಾದೆ.

"ಗೊತ್ತುಂಟು, ಕೂತ್ಕೊಳ್ಳಿ," ಎಂದರು.

"ಯಾವಾಗಿಂದ?"

"ಸುಳ್ಳು ಅಂತ ಮೊದಲ ಫೋನಿಗೇ. ಆ ಗೇಟಿನ ಹತ್ರ ಮರವೇ ಇಲ್ಲ ಮಾರಾಯ್ರೆ! ರಸ್ತೆ ಅಗಲ ಮಾಡುವಾಗ ಹೋಯ್ತು. ಪುಟ ಅಳಿಸ್ಲಿಕ್ಕೆ ನನಗೆ ಮನಸ್ಸು ಬರ್ಲಿಲ್ಲ. ಮತ್ತೆ ಮೀನಿನವನ ಹಾರ್ನು ಫೋನಲ್ಲೂ ಕಿಟಕಿಯಲ್ಲೂ ಒಟ್ಟಿಗೇ ಕೇಳಿದಾಗ ನೀವೇ ಅಂತ ಗೊತ್ತಾಯ್ತು."

"ಮತ್ತೆ ನಾಳೆ ಬರ್ತೇನೆ ಅಂದದ್ದು?"

"ನಿಮ್ಮನ್ನು ಹೆದರಿಸ್ಲಿಕ್ಕೆ. ನೀವು ಪಣಂಬೂರು ಅಂದ್ರಲ್ಲ, ನಾನೇ ಹೆದರಿದೆ." ಅವರ ಭುಜ ಕುಲುಕತೊಡಗಿತು. "ಇಲ್ಲದ ಮರದ ಹೂವನ್ನು... ದಿನಾ ಗುಡಿಸಿ... ಸೊಂಟ ನೋವು ಬೇರೆ ಅಂತೀರಲ್ಲ!"

ಮೇಜು ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ನಾನೂ ನಕ್ಕೆ, ಆದರೆ ಅವರ ಸದ್ದಿನಲ್ಲಿ ನನ್ನದು ನನಗೇ ಕೇಳಿಸಲಿಲ್ಲ.